ವಿದ್ಯಾರ್ಥಿಸೇವೆ ಮತ್ತು ಪೌರಧರ್ಮ: ರಾಷ್ಟ್ರೀಯ ಸೇವಾ ಯೋಜನೆಯ ಹಿನ್ನೆಲೆ

ಪೌರಧರ್ಮವು ಪಠ್ಯದಿಂದ ತಿಳಿಯತಕ್ಕದ್ದೋ, ಸೇವೆಯಿಂದ ಮೈಗೂಡತಕ್ಕದ್ದೋ ಎಂಬ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. 1923ರ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳಕ್ಕೆ ರೂಪು ದೊರೆಯಲು ಕಾರಣರಾದ ಡಾ. ನಾ. ಸು. ಹರ್ಡೀಕರರು ಹುಬ್ಬಳ್ಳಿಯವರು. ಶಿಸ್ತು ಕಠಿಣವಾದರೂ ಸೇರುವಿಕೆ ಸ್ವೇಚ್ಛೆಯದೆಂಬುದೇ ಆ ದಳದ ಜೀವಾಳವಾಗಿತ್ತು.

ಸ್ವಾತಂತ್ರ್ಯಾನಂತರ ವಿವಾದ ಹುಟ್ಟಿದುದು ಈ ಸ್ವೇಚ್ಛೆಯನ್ನು ಕುರಿತೇ. ಡಾ. ರಾಧಾಕೃಷ್ಣನ್ನರು ವಿದ್ಯಾಸಂಸ್ಥೆಗಳಲ್ಲಿ ರಾಷ್ಟ್ರಸೇವೆ ಐಚ್ಛಿಕವಾಗಿರಲೆಂದರು. 1959ರಲ್ಲಿ ನೇಮಕವಾದ ಸಿ. ಡಿ. ದೇಶಮುಖ್ ಸಮಿತಿಯಾದರೋ, ಪ್ರೌಢಶಾಲೆ ಮುಗಿಸಿ ಕಾಲೇಜು ಸೇರುವವರಿಗೆ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ಕಡ್ಡಾಯ ಸೇವೆಯನ್ನು ಸೂಚಿಸಿತು. ಅದರ ವೆಚ್ಚಭಾರವನ್ನು ಕಂಡು ಸರ್ಕಾರ ಹಿಂಜರಿಯಿತು. 1960ರಲ್ಲಿ ಪರದೇಶಗಳ ಪದ್ಧತಿಗಳನ್ನು ಪರಿಶೀಲಿಸಿದ ಕೆ. ಜಿ. ಸೈಯದೈನ್ ಅವರು ಪುನಃ ಐಚ್ಛಿಕ ಮಾರ್ಗವನ್ನೇ ಎತ್ತಿಹಿಡಿದರು. 1964-66ರ ಕೊಠಾರಿ ಆಯೋಗವು ಸಮಾಜಸೇವೆಯನ್ನು ಶಿಕ್ಷಣದ ಎಲ್ಲ ಹಂತಗಳಿಗೂ ಹೊಂದಿಸಬೇಕೆಂದಿತು.

ಗಾಂಧೀ ಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾನಿಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆ ಪ್ರಾರಂಭವಾಯಿತು. ಅದನ್ನು ಉದ್ಘೋಷಿಸಿದ ಕೇಂದ್ರ ಶಿಕ್ಷಣ ಸಚಿವ ಡಾ. ವಿ. ಕೆ. ಆರ್. ವಿ. ರಾವ್ ಅವರು 1967ರಲ್ಲಿ ಬಳ್ಳಾರಿಯಿಂದಲೇ ಲೋಕಸಭೆಗೆ ಆಯ್ಕೆಯಾದವರೆಂಬುದು ನಮ್ಮ ಜಿಲ್ಲೆಯ ಇತಿಹಾಸದಲ್ಲಿ ಗಮನಾರ್ಹ ಸಂಗತಿ. ಯೋಜನೆಯು ಮುಂದೆ ಪದವಿಪೂರ್ವ ಹಂತಕ್ಕೂ ವಿಸ್ತರಿಸಿತು.

ಸ್ವಯಂಸೇವಕನು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ದುಡಿಯಬೇಕೆಂಬುದೂ, ದತ್ತು ಗ್ರಾಮದಲ್ಲಿ ವಿಶೇಷ ಶಿಬಿರ ನಡೆಯಬೇಕೆಂಬುದೂ ನಿಯಮ. ಇಲ್ಲಿಯೇ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಮರಳುತ್ತದೆ. ಕಡ್ಡಾಯವನ್ನು ತೊರೆದ ಯೋಜನೆಯು ಗಂಟೆಗಳ ಲೆಕ್ಕಕ್ಕೆ ಕಟ್ಟುಬಿದ್ದರೆ, ಸ್ವೇಚ್ಛೆಯ ಹೆಸರು ಉಳಿದು ತಿರುಳು ಅಳಿಯುವುದು. ಹಗರಿಯ ತೀರದ ಮೋಕದಂತಹ ಊರಿಗೆ ವಿದ್ಯಾರ್ಥಿಗಳು ಶಿಬಿರಕ್ಕೆ ಹೋಗುವರೆಂದು ಭಾವಿಸೋಣ. ಚರಂಡಿ ತೆಗೆಯುವುದು ಶ್ರಮದಾನ; ಆ ಚರಂಡಿ ಏಕೆ ಕಟ್ಟಿತು, ಅದರ ಹೊಣೆ ಯಾರದು, ಗ್ರಾಮಸಭೆಯಲ್ಲಿ ಅದನ್ನು ಕೇಳುವ ಹಕ್ಕು ಯಾರಿಗಿದೆ ಎಂದು ಊರವರೊಡನೆ ಕುಳಿತು ವಿಚಾರಿಸುವುದು ಪೌರಶಿಕ್ಷಣ. ಮೊದಲನೆಯದು ಶಿಬಿರದೊಡನೆ ಮುಗಿಯುತ್ತದೆ. ಎರಡನೆಯದು ವಿದ್ಯಾರ್ಥಿಯೊಡನೆ ಮನೆಗೆ ಬರುತ್ತದೆ.

ಆದುದರಿಂದ ಅಧ್ಯಾಪಕರಾದ ನಾವು ಹಾಜರಿ ಪುಸ್ತಕವನ್ನು ತುಂಬಿಸುವುದರಲ್ಲಿಯೇ ತೃಪ್ತರಾಗಲಾಗದು. ಸೇವೆಯ ನಂತರ ತರಗತಿಯಲ್ಲಿ ನಡೆಯುವ ಚರ್ಚೆಗೂ ಸೇವೆಯಷ್ಟೇ ಸ್ಥಾನವಿರಬೇಕು. ದೇಶಮುಖ್ ಸಮಿತಿಗೂ ಸೈಯದೈನ್ ಅವರಿಗೂ ಇದ್ದ ಭೇದವು ಸರ್ಕಾರದ ಕಡತದಲ್ಲಿ ಮುಗಿದಿರಬಹುದು; ಪ್ರತಿಯೊಂದು ಕಾಲೇಜಿನಲ್ಲಿಯೂ ಅದು ಪ್ರತಿವರ್ಷ ಹೊಸದಾಗಿ ತೀರ್ಮಾನವಾಗಬೇಕಾಗಿದೆ.