ಖಾಸಗಿ: ಒಡೆಯರ ಮನೆಯ ಮಾತು

ರಾಜಕಾರಣಿಯೊಬ್ಬರ ಮನೆಯ ಜಗಳವೋ ಎರಡನೆಯ ಸಂಸಾರವೋ ಟೀವಿಗೆ ಬಂದ ದಿನ ಅವರ ಪಕ್ಷದವರು ಮೈಕಿನ ಮುಂದೆ ಹೇಳುವುದು ಒಂದೇ ಮಾತು: ‘ಅದು ಅವರ ಖಾಸಗಿ ವಿಷಯ.’ ಎದುರು ಪಕ್ಷದವರು ಒಪ್ಪುವುದಿಲ್ಲ. ತಮ್ಮವರ ಸರದಿ ಬಂದಾಗ ಅದೇ ಮಾತನ್ನು ತಾವೂ ಎತ್ತಿಕೊಳ್ಳುತ್ತಾರೆ. ಇಂಥದ್ದೆಲ್ಲ ಮತದಾರನಿಗೆ ಬೇಕೋ ಬೇಡವೋ ಎಂಬ ಚರ್ಚೆ ಮಾತ್ರ ಮುಗಿಯುವುದಿಲ್ಲ. ಅದಕ್ಕೆ ಇಳಿಯುವ ಮುನ್ನ ಈ ‘ಖಾಸಗಿ’ ಯಾರ ಮನೆಯಲ್ಲಿ ಬೆಳೆದ ಪದ ಅಂತ ನೋಡಬೇಕು. ಅದರ ಹುಟ್ಟುಗುಣ ಇನ್ನೂ ಬಿಟ್ಟಿಲ್ಲ ಅನ್ನುವುದು ನನ್ನ ಗುಮಾನಿ.

ಮೂಲ ಅರಬ್ಬಿಯ ‘ಖಾಸ್’: ವಿಶೇಷವಾದದ್ದು, ಆಯ್ದದ್ದು. ಅದರ ಜೋಡಿ ‘ಆಮ್’, ಅಂದರೆ ಎಲ್ಲರದು. ದಿಲ್ಲಿಯ ಕೆಂಪುಕೋಟೆಯಲ್ಲಿ ಷಹಜಹಾನ್ ಕಟ್ಟಿಸಿದ ದಿವಾನ್-ಇ-ಆಮ್, ದಿವಾನ್-ಇ-ಖಾಸ್ ಎರಡನ್ನೂ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದಿವಾನ್-ಇ-ಖಾಸ್‌ನಲ್ಲಿ ನಡೆಯುತ್ತಿದ್ದುದೂ ರಾಜ್ಯದ ಕೆಲಸವೇ. ಒಳಗೆ ಯಾರು ಬರಬೇಕೆಂದು ಬಾದಶಹ ಆರಿಸುತ್ತಿದ್ದ, ಅಷ್ಟೇ. ಈಜಿಪ್ಟಿನ ಮಮ್ಲೂಕ್ ಸುಲ್ತಾನರ ಆಪ್ತ ಪಡೆಯವರು ‘ಖಾಸಕಿ’ಗಳು. ಇದೇ ಪದ ಇಸ್ತಾಂಬುಲಿಗೆ ಹೋಗಿ ‘ಹಸೆಕಿ’ ಆಯಿತು. 16ನೇ ಶತಮಾನದಲ್ಲಿ ಆಟೊಮನ್ ಸುಲ್ತಾನ ಸುಲೈಮಾನನ ಮೆಚ್ಚಿನ ಮಡದಿ ಹುರ್ರೆಮ್‌ಗೆ ಸಿಕ್ಕ ಬಿರುದು ಹಸೆಕಿ ಸುಲ್ತಾನ್. ಕತ್ತಿ ಹಿಡಿದು ನಿಂತವರಿರಲಿ, ಅಂತಃಪುರದಲ್ಲಿದ್ದವರಿರಲಿ, ಒಡೆಯನ ಮಗ್ಗುಲಿನವರೆಲ್ಲ ಈ ಪದದ ನೆಂಟರು.

ನಮ್ಮ ಕಡೆ ಅದು ಫಾರ್ಸಿ, ಮರಾಠಿಗಳ ದಾರಿ ಹಿಡಿದು ಬಂತು. ಉತ್ತರ ಕರ್ನಾಟಕದಲ್ಲಿ ಒಡಹುಟ್ಟಿದವನು ‘ಖಾಸ ಅಣ್ಣ’. ಬೆಳಗಾವಿಯ ಖಾಸಬಾಗ, ಹೆಸರಿನ ಮಟ್ಟಿಗಾದರೂ, ಇನ್ನೂ ಯಾರೋ ದೊಡ್ಡವರ ಸ್ವಂತ ತೋಟ. ಆದರೆ ಪದಕ್ಕೆ ಲೆಕ್ಕದ ಪುಸ್ತಕದ ಬಿಗಿ ಬಂದದ್ದು ಮರಾಠರ ಆಡಳಿತದಲ್ಲಿ. ಅಲ್ಲಿ ಖಾಸಗಿ ಎಂದರೆ ಅರಮನೆಯ ಖರ್ಚಿನ ಖಾತೆ, ಜೊತೆಗೆ ಆ ಖರ್ಚಿಗೆಂದು ಬಿಟ್ಟ ಊರುಗಳ ಹುಟ್ಟುವಳಿ. ಇಂದೋರಿನ ಹೋಳ್ಕರರಲ್ಲಿ ಎರಡು ಲೆಕ್ಕ: ರಾಜ್ಯದ್ದು ದೌಲತ್, ರಾಣಿಯದು ಖಾಸಗಿ. ಆ ಮನೆತನದ ರಾಣಿ ಅಹಲ್ಯಾಬಾಯಿ ದೇಶದ ಉದ್ದಗಲಕ್ಕೆ ಕಟ್ಟಿಸಿದ ಗುಡಿ, ಘಾಟು, ಛತ್ರಗಳಿಗೆ ಹಣ ಒದಗಿದ್ದು ಈ ಖಾಸಗಿಯಿಂದ. ಅದೇ ಹೆಸರಿನ ಟ್ರಸ್ಟು ಇಂದೋರಿನಲ್ಲಿ ಈಗಲೂ ಇದೆ. ಅದರ ಆಸ್ತಿಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ತನ್ನದು ಯಾವುದು, ರಾಜ್ಯದ್ದು ಯಾವುದು ಎಂಬ ಗೆರೆಯನ್ನು ಆ ಹೆಣ್ಣುಮಗಳು ಕಾಯ್ದುಕೊಂಡಳಲ್ಲ, ಅದು ನನಗೆ ಅವಳು ಕಟ್ಟಿಸಿದ ಘಾಟುಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಮೈಸೂರಿನಲ್ಲಿ ಪದದ ಹಳೆಯ ಅರ್ಥ ವರ್ಷಕ್ಕೊಮ್ಮೆ ಎದ್ದು ಕೂರುತ್ತದೆ. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜಧನವನ್ನೂ ರಾಜರ ಮಾನ್ಯತೆಯನ್ನೂ ತೆಗೆದುಹಾಕಿತು. ಈಗ ನವರಾತ್ರಿಯಲ್ಲಿ ಅರಮನೆಯೊಳಗೆ ನಡೆಯುವುದು ‘ಖಾಸಗಿ ದರ್ಬಾರು’. ಖಾಸಗಿ ಎಂದರೂ ಅದರ ದೃಶ್ಯ ನಾಡಿನ ಮನೆಮನೆಯ ಟೀವಿಯಲ್ಲಿ ಬರುತ್ತದೆ. 2024ರ ಜೂನಿನಲ್ಲಿ ಮೈಸೂರು-ಕೊಡಗಿನ ಸಂಸದರಾಗಿ ಗೆದ್ದ ಯದುವೀರ ಒಡೆಯರ್ ಅಕ್ಟೋಬರಿನಲ್ಲಿ ಆ ದರ್ಬಾರಿನ ಸಿಂಹಾಸನ ಏರಿದರು. ಚುನಾವಣೆಗೆ ನಿಲ್ಲುವಾಗ ಕೊಟ್ಟ ಪ್ರಮಾಣಪತ್ರದಲ್ಲಿ ಅವರು, ತಮಗೆ ಸ್ವಂತ ಮನೆಯಾಗಲಿ ಕಾರಾಗಲಿ ಇಲ್ಲ ಎಂದು ಬರೆದಿದ್ದರು.

ಈ ಪ್ರಮಾಣಪತ್ರವೇ, ಅಂದರೆ ನಮೂನೆ 26, ಇಂದಿನ ದೌಲತ್-ಖಾಸಗಿ ಗೆರೆ. 2002ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ ಅಭ್ಯರ್ಥಿಯ ಕ್ರಿಮಿನಲ್ ಮೊಕದ್ದಮೆ, ಆಸ್ತಿ, ಸಾಲ, ಓದು ಮತದಾರನಿಗೆ ತಿಳಿಯುವಂತಾಯಿತು. ಯಾವ ಅಂಕಣವನ್ನೂ ಖಾಲಿ ಬಿಡಕೂಡದು ಎಂದು 2013ರಲ್ಲಿ ಅದೇ ಕೋರ್ಟು ಹೇಳಿತು. ಮರುವರ್ಷ ವಡೋದರಾದಲ್ಲಿ ನರೇಂದ್ರ ಮೋದಿ ತಮ್ಮ ಪತ್ನಿಯ ಹೆಸರು ಬರೆದರು. ಗೆರೆ ಇನ್ನೊಂದು ಕಡೆಗೂ ಸರಿದಿದೆ. ಅರುಣಾಚಲದ ಶಾಸಕರೊಬ್ಬರು ಮನೆಯವರ ಹೆಸರಿನಲ್ಲಿದ್ದ ಒಂದು ಸ್ಕೂಟಿ, ಒಂದು ವ್ಯಾನು, ಒಂದು ಬೈಕನ್ನು ತೋರಿಸಿಲ್ಲವೆಂದು ಹೈಕೋರ್ಟು ಅವರ ಆಯ್ಕೆಯನ್ನೇ ರದ್ದು ಮಾಡಿತ್ತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆಯ್ಕೆಯನ್ನು ಉಳಿಸಿತು: ತನ್ನ ಉಮೇದುವಾರಿಕೆಗೆ ಸಂಬಂಧವಿಲ್ಲದ್ದರಲ್ಲಿ ಅಭ್ಯರ್ಥಿಗೂ ಖಾಸಗಿತನ ಉಂಟು.

‘ಖಾಸಗಿತನ’. ಅರಬ್ಬಿ ಬೇರಿಗೆ ನಮ್ಮ ‘ತನ’ ಕಸಿಯಾಗಿ ಹುಟ್ಟಿದ ಈ ಪದ ಪತ್ರಿಕೆಗಳಲ್ಲಿ ದಿನಬಳಕೆಗೆ ಬಂದದ್ದು ಮೊನ್ನೆ ಮೊನ್ನೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ 2012ರಲ್ಲಿ ಹಾಕಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ಮೂಲಭೂತ ಹಕ್ಕು ಎಂದಿತು. ಬಾದಶಹನ ಸೊತ್ತಾಗಿದ್ದ ಖಾಸ್ ಕೊನೆಗೂ ಆಮ್ ಆಯಿತು, ಕಾಗದದ ಮೇಲೆ.

ನಮ್ಮ ವಿಧಾನಸಭೆಯೊಳಗೇ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಆರೋಪದ ಪ್ರಕರಣದಲ್ಲಿ 2012ರಲ್ಲಿ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಮರುವರ್ಷದ ಚುನಾವಣೆಯಲ್ಲಿ ಇಬ್ಬರು ಸೋತರು, ಒಬ್ಬರು ಗೆದ್ದರು. ಗೆದ್ದವರು 2019ರಲ್ಲಿ ಉಪಮುಖ್ಯಮಂತ್ರಿಯೂ ಆದರು. ಮತದಾರ ಇದನ್ನು ಲೆಕ್ಕಕ್ಕೆ ಇಟ್ಟನೋ ಇಲ್ಲವೋ, ಯಾರು ಹೇಳಬಲ್ಲರು? 2021ರಲ್ಲಿ ಸಚಿವರೊಬ್ಬರದೆನ್ನಲಾದ ಅಶ್ಲೀಲ ಸಿಡಿಯ ಗದ್ದಲದ ನಡುವೆ ಆರು ಸಚಿವರು, ತಮ್ಮ ಮಾನ ಕಳೆಯುವಂಥದ್ದೇನೂ ಪ್ರಕಟವಾಗದಂತೆ ಕೋರ್ಟಿನಿಂದ ಮುಂಗಡವಾಗಿಯೇ ತಡೆಯಾಜ್ಞೆ ತಂದರು.

ಯಾರು ಯಾರೊಡನೆ ಒಪ್ಪಿ ಬದುಕುತ್ತಾರೆ, ಕುಡಿಯುತ್ತಾರೋ ಬಿಡುತ್ತಾರೋ, ನನ್ನ ಓಟಿಗೆ ಬೇಡ. ನಾನು ಕೇಳುವುದು ಅಹಲ್ಯಾಬಾಯಿಯ ಕಾರಕೂನನ ಪ್ರಶ್ನೆ: ಈ ಖರ್ಚು ಯಾವ ಖಾತೆಗೆ? ವರ್ಗಾವಣೆ ಕೇಳಲು ಬಂದವಳನ್ನು ಕೋಣೆಗೆ ಕರೆಯುವ ಧೈರ್ಯ, ಕರೆದ ಮೇಲೆ ಅವಳ ಬಾಯಿ ಮುಚ್ಚಿಸುವ ಭಯ, ಇವೆರಡೂ ಹುಟ್ಟುವುದು ಕುರ್ಚಿಯಿಂದ. ಕುರ್ಚಿ ದೌಲತ್ತಿನದು. ಅಲ್ಲಿ ‘ಖಾಸಗಿ’ ಎಂದು ಬಾಗಿಲು ಹಾಕಿಕೊಂಡರೆ ಅದು ಸುಳ್ಳು ಲೆಕ್ಕ.

2024ರ ಏಪ್ರಿಲ್‌ನಲ್ಲಿ, ಮತದಾನಕ್ಕೆ ಮುಂಚೆ, ಹಾಸನದಲ್ಲಿ ಅಲ್ಲಿನ ಸಂಸದ ಪ್ರಜ್ವಲ್ ರೇವಣ್ಣ ಹೆಂಗಸರ ಮೇಲೆ ಎಸಗಿದ್ದೆನ್ನಲಾದ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹರಿದಾಡಿದವು. ಪ್ರಜ್ವಲ್ ಆ ಚುನಾವಣೆಯಲ್ಲಿ ಸೋತರು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಅವರಿಗೆ ಅತ್ಯಾಚಾರದ ಒಂದು ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ನಾವು ವಾರಗಟ್ಟಲೆ ಮಾತಾಡಿದ್ದು ಇದರಿಂದ ಯಾವ ಪಕ್ಷಕ್ಕೆ ಎಷ್ಟು ನಷ್ಟ ಅಂತ. ಪುಟ್ಟಸ್ವಾಮಿಯವರು ಗೆದ್ದುಕೊಟ್ಟ ಹಕ್ಕು ಆ ಹೊತ್ತಿಗೆ ಯಾರಿಗೆ ಬೇಕಿತ್ತೋ ಆ ಹೆಂಗಸರ ಮುಖಗಳು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿದ್ದವು. ವಿಡಿಯೊ ಹಂಚಿದವರ ಮೇಲೂ ಕ್ರಮ ಕೈಗೊಳ್ಳಬೇಕಾಗುತ್ತದೆ ಎಂದು ವಿಶೇಷ ತನಿಖಾ ತಂಡ ಎಚ್ಚರಿಸಬೇಕಾಯಿತು. ಹಂಚುತ್ತಿದ್ದವರು ಮತದಾರರು.