ಮಹಾವಿರೂಪಣದ ಅಳತೆ: ಹುಕ್‌ನಿಂದ ರಿವ್ಲಿನ್‌ವರೆಗೆ

ವಸ್ತುವಿನ ಹಿಗ್ಗುವಿಕೆಯು ಅದನ್ನು ಎಳೆಯುವ ಬಲಕ್ಕೆ ಅನುಪಾತದಲ್ಲಿರುತ್ತದೆಂದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವು ನಮ್ಮ ವಿದ್ಯಾರ್ಥಿಗಳೆಲ್ಲರಿಗೂ ವಿದಿತವಾದುದೇ. ಆದರೆ ಆ ನಿಯಮದ ಎಲ್ಲೆ ಯಾವುದೆಂದು ತರಗತಿಯಲ್ಲಿ ಕೇಳುವವರು ವಿರಳ. ಎಲ್ಲೆಯಾಚೆಗಿನ ಶಾಸ್ತ್ರವು ಬೆಳೆದು ಬಂದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸುತ್ತೇವೆ.

ಮೊದಲು ಅಳತೆಯ ಮಾತು. 100 ಸೆಂಟಿಮೀಟರ್ ಉದ್ದದ ಉಕ್ಕಿನ ತಂತಿಯು 100.1 ಸೆಂಟಿಮೀಟರ್ ಆಯಿತೆನ್ನೋಣ. ಹೆಚ್ಚಳವನ್ನು ಮೂಲ ಉದ್ದದಿಂದ ಭಾಗಿಸಿದರೂ ಅಂತಿಮ ಉದ್ದದಿಂದ ಭಾಗಿಸಿದರೂ ವಿಕೃತಿಯು ಸುಮಾರು 0.001. ಆದರೆ ರಬ್ಬರಿನ ಪಟ್ಟಿಯನ್ನು ಇಮ್ಮಡಿ ಉದ್ದಕ್ಕೆ ಎಳೆದಾಗ ಮೊದಲ ಲೆಕ್ಕದಲ್ಲಿ 1, ಎರಡನೆಯದರಲ್ಲಿ 0.5, ಲಾಗರಿತಮ್ ಕ್ರಮದಲ್ಲಿ 0.693 ಬರುತ್ತದೆ. ವಿರೂಪಣವೊಂದು, ಅಂಕಿಗಳು ಮೂರು. ಆದುದರಿಂದ ಪೀಡನವು ವಿಕೃತಿಗೆ ಅನುಪಾತದಲ್ಲಿದೆ ಎಂದಷ್ಟೇ ಹೇಳಿದರೆ ಸಾಲದು. ಯಾವ ವಿಕೃತಿಗೆ ಎಂಬುದನ್ನೂ ಹೇಳಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕೋಶಿ, ಗ್ರೀನ್ ಮೊದಲಾದ ಗಣಿತಜ್ಞರು ಇದಕ್ಕೆ ಬೇಕಾದ ಸಾಧನಗಳನ್ನು ಒದಗಿಸಿದ್ದರು. ಸೇತುವೆ, ಯಂತ್ರಗಳ ಉಕ್ಕಿಗಾದರೋ ಅಲ್ಪವಿಕೃತಿಯ ಶಾಸ್ತ್ರವೇ ಸಾಕಾಗಿದ್ದಿತು. 1909ರಲ್ಲಿ ಪಾಯಿಂಟಿಂಗ್ ಎಂಬ ಇಂಗ್ಲಿಷ್ ಭೌತವಿಜ್ಞಾನಿ, ತಿರುಚಿದ ತಂತಿಯು ಉದ್ದದಲ್ಲಿಯೂ ಕಿಂಚಿತ್ ಬೆಳೆಯುವುದೆಂದು ತೋರಿಸಿದನು. ಹಳೆಯ ಶಾಸ್ತ್ರದಲ್ಲಿ ಈ ಬೆಳವಣಿಗೆಗೆ ಸ್ಥಾನವೇ ಇರಲಿಲ್ಲ.

ಇಲ್ಲಿಂದ ಮುಂದೆ ಎರಡು ಮಾರ್ಗಗಳು ಕಾಣುತ್ತವೆ. ಮೊದಲನೆಯದು ಭಾರತೀಯರಾದ ಭೋಜರಾಜ್ ಸೇಠ್ ಅವರದು. 1935ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಪ್ರಕಟಿಸಿದ ಲೇಖನದಲ್ಲಿ ಅವರು ಹುಕ್‌ನ ಸರಳ ಸಂಬಂಧವನ್ನು ಉಳಿಸಿಕೊಂಡು, ವಿಕೃತಿಯ ಅಳತೆಯನ್ನೇ ಬದಲಿಸಿದರು. ವಿರೂಪಗೊಂಡ ಸ್ಥಿತಿಯನ್ನೇ ಅಳತೆಗೆ ಆಧಾರವಾಗಿಟ್ಟುಕೊಂಡರು. ಮುಂದೆ ಖರಗಪುರದ ತಾಂತ್ರಿಕ ಸಂಸ್ಥೆಯಲ್ಲಿ ಗಣಿತ ವಿಭಾಗವನ್ನು ಕಟ್ಟಿದವರೂ ಇವರೇ.

ಎರಡನೆಯ ಮಾರ್ಗವು ರಬ್ಬರಿನಿಂದ ಹುಟ್ಟಿತು. 1940ರಲ್ಲಿ ಅಮೆರಿಕದ ಮೂನಿ, ರಬ್ಬರಿನಲ್ಲಿ ಸಂಚಿತವಾಗುವ ಶಕ್ತಿಯನ್ನು ಎರಡು ಸ್ಥಿರಾಂಕಗಳುಳ್ಳ ಸೂತ್ರದಲ್ಲಿ ಹಿಡಿದಿಟ್ಟನು. 1944ರಲ್ಲಿ ಇಂಗ್ಲೆಂಡಿನ ಟ್ರೆಲೋರ್ ರಬ್ಬರನ್ನು ಮೂಲ ಉದ್ದದ ಏಳು ಪಟ್ಟಿಗೂ ಮಿಗಿಲಾಗಿ ಎಳೆದು ಅಳತೆಗಳನ್ನು ಪ್ರಕಟಿಸಿದನು. 1948ರಿಂದ ಮುಂದೆ ರೊನಾಲ್ಡ್ ರಿವ್ಲಿನ್ ಇದಕ್ಕೆ ವ್ಯಾಪಕವಾದ ಗಣಿತರೂಪವನ್ನು ಕೊಟ್ಟನು. ರಬ್ಬರಿನ ಆಕಾರ ಬದಲಾದರೂ ಗಾತ್ರವು ಬದಲಾಗದೆಂದು ಭಾವಿಸಿದುದರಿಂದ ಕಠಿಣ ಸಮಸ್ಯೆಗಳು ಸುಲಭವಾದುವು. ಉದ್ದ ಬದಲಾಗದಂತೆ ರಬ್ಬರಿನ ಕೊರಡನ್ನು ತಿರುಚಬೇಕಾದರೆ ಅದರ ತುದಿಗಳನ್ನು ಒತ್ತಿ ಹಿಡಿಯಬೇಕು. ಮೂನಿಯ ಸೂತ್ರದಂತೆ ಆ ಬಲವು ತಿರುಚಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಪಾಯಿಂಟಿಂಗನು ಕಂಡ ವಿಚಿತ್ರವು ಹೀಗೆ ಶಾಸ್ತ್ರದೊಳಗೆ ಬಂದಿತು.

ಈ ಮಾರ್ಗಗಳಲ್ಲಿ ಯಾವುದು ಮೇಲು? ಅಳತೆಯ ಆಯ್ಕೆಯು ನಮ್ಮದು. ವಸ್ತುವಿನ ಸ್ವಭಾವವಾದರೋ ನಮ್ಮದಲ್ಲ. ಆದುದರಿಂದ ಕೊನೆಯ ತೀರ್ಪು ಪ್ರಯೋಗದ್ದೇ ಎಂದು ನಮ್ಮ ಅಭಿಪ್ರಾಯ. 1951ರಲ್ಲಿ ರಿವ್ಲಿನ್ ಮತ್ತು ಸಾಂಡರ್ಸ್ ನಡೆಸಿದ ಪ್ರಯೋಗಗಳು ಮೂನಿಯ ಸೂತ್ರಕ್ಕೂ ಮಿತಿಯುಂಟೆಂದು ತೋರಿಸಿದುವು. ಒಂದು ದಿಕ್ಕಿನ ಎಳೆತಕ್ಕೆ ಹೊಂದಿಸಿದ ಸ್ಥಿರಾಂಕಗಳು ಎರಡು ದಿಕ್ಕಿನ ಎಳೆತದಲ್ಲಿ ತಪ್ಪು ಹೇಳಬಹುದು. ಟೈರು, ರಕ್ತನಾಳಗಳ ವಿರೂಪಣವನ್ನು ಇಂದು ಗಣಕಯಂತ್ರವು ಲೆಕ್ಕಹಾಕುತ್ತದೆ. ಆದರೆ ಕೊಟ್ಟ ಸೂತ್ರವು ಆ ವಸ್ತುವಿಗೆ ಸಲ್ಲುವುದೇ ಎಂಬುದನ್ನು ಅದು ತಾನಾಗಿ ವಿಚಾರಿಸದು. ಆ ವಿಚಾರಣೆ ನಮ್ಮ ಪಾಲಿನದು. ಹುಕ್‌ನ ನಿಯಮವನ್ನು ಬೋಧಿಸುವ ದಿನವೇ ಅದರ ಎಲ್ಲೆಯನ್ನೂ ಬೋಧಿಸಬೇಕೆಂದು ಅಧ್ಯಾಪಕ ಮಿತ್ರರಲ್ಲಿ ನಮ್ಮ ವಿನಂತಿ.