ಟಿವಿ ದೋಷ ನಿವಾರಣೆ (ಸಾನಮಾವು ಸೀಮೆ)

ಸಾನಮಾವು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ ಹೊಸೂರಿನ ಬಳಿಯ ಊರು. ಆನೆಗಳು ಬಂದು ತಂಗುವ ಕಾಡಿನಿಂದ ಹೆಸರಾದದ್ದು. ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತಾಗಿರುವ ಈ ಸೀಮೆಯಲ್ಲಿ ಟಿವಿ ಕೆಟ್ಟಿತು ಎಂದರೆ ಚಿತ್ರ ಹೋಗಿರಬಹುದು, ಧ್ವನಿ ಹೋಗಿರಬಹುದು, ಭಾಷೆಯೇ ಬದಲಾಗಿರಬಹುದು. ದೋಷ ಡಿಶ್‌ನಲ್ಲೋ ವೈರಿನಲ್ಲೋ ಸೆಟ್‌ಟಾಪ್ ಬಾಕ್ಸ್‌ನಲ್ಲೋ ಟಿವಿಯಲ್ಲೋ ಎಂದು ಮೊದಲೇ ಗುರುತಿಸಿಕೊಂಡರೆ ರಿಪೇರಿಯ ಖರ್ಚು ಎಷ್ಟೋ ಉಳಿಯುತ್ತದೆ. ಬಾಕ್ಸ್‌ನ ಮೆನು ಸ್ಪಷ್ಟವಾಗಿ ಕಂಡು ಚಾನೆಲ್ ಮಾತ್ರ ಒಡೆಯುತ್ತಿದ್ದರೆ ಟಿವಿ ಚೆನ್ನಾಗಿದೆ ಎಂದೇ ತಿಳಿಯಬೇಕು. ಮೆನುವೂ ಮಸುಕಾಗಿದ್ದರೆ ಬಾಕ್ಸ್‌ನಿಂದ ಟಿವಿಗೆ ಹೋಗುವ ವೈರನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕೂರಿಸಬೇಕು. ಮೂರು ಬಣ್ಣದ ಎವಿ ವೈರಿನಲ್ಲಿ ಹಳದಿ ಚಿತ್ರಕ್ಕೆ, ಕೆಂಪು ಮತ್ತು ಬಿಳಿ ಧ್ವನಿಗೆ. ಹಳದಿ ಪಿನ್ ಬೇರೆ ತೂತಿಗೆ ಹೋದರೆ ಚಿತ್ರ ಕಪ್ಪುಬಿಳುಪಾಗುವುದುಂಟು.

ಚಿತ್ರ ಚೌಕ ಚೌಕವಾಗಿ ಒಡೆದು ನಿಂತರೆ ಸಿಗ್ನಲ್ ಸಾಲುತ್ತಿಲ್ಲ ಎಂದರ್ಥ. ದೂರದರ್ಶನದ ಉಚಿತ ಡಿಶ್ ಸೇವೆಯ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಹೊಸೂರಿನಿಂದ ನೋಡಿದರೆ ಅದು ಆಗ್ನೇಯ ದಿಕ್ಕಿಗೆ, ದಿಗಂತದಿಂದ ಸುಮಾರು 66 ಡಿಗ್ರಿ ಮೇಲಕ್ಕೆ ಬರುತ್ತದೆ. ಇದು ಮಾವಿನ ಸೀಮೆ; ಹೊಸ ಚಿಗುರು ಬಂದಾಗ ಆ ದಿಕ್ಕಿಗೆ ಕೊಂಬೆ ಅಡ್ಡ ಬಂದಿದೆಯೇ ನೋಡಬೇಕು. ಆದರೆ ಕೊಡಲಿ ಎತ್ತುವ ಮುನ್ನ ಲೆಕ್ಕ ಹಾಕಿ: 10 ಅಡಿ ದೂರದ ಮರ ಡಿಶ್‌ಗಿಂತ ಸುಮಾರು 22 ಅಡಿ ಮೇಲೆದ್ದಿದ್ದರೆ ಮಾತ್ರ ಅಡ್ಡಿ. ಅದಕ್ಕಿಂತ ಗಿಡ್ಡ ಮರವನ್ನು ಕಡಿದರೆ ಮರ ಹೋಗುತ್ತದೆ, ಚಿತ್ರ ಬರುವುದಿಲ್ಲ.

ಜೋರು ಮಳೆಯಲ್ಲಿ ಚಿತ್ರ ಹೋಗುವುದು ಸಹಜ. ಡಿಶ್‌ಗೆ ಬರುವ ಕೆಯು ಬ್ಯಾಂಡ್ ತರಂಗಗಳನ್ನು ಮಳೆಹನಿಗಳು ಹೀರುತ್ತವೆ, ಮಳೆ ತಗ್ಗಿದಾಗ ತಾನಾಗಿ ಸರಿಹೋಗುತ್ತದೆ. ಆ ಹೊತ್ತಿನಲ್ಲಿ ಮಾಳಿಗೆ ಹತ್ತಿ ಡಿಶ್ ತಿರುಗಿಸಬಾರದು. ಮಳೆ ನಿಂತು ಬಿಸಿಲು ಬಂದರೂ ತೊಂದರೆ ಉಳಿದರೆ ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಭಾಗವಾದ ಎಲ್‌ಎನ್‌ಬಿಗೆ ಸೇರುವ ಕಡೆ ವೈರಿನೊಳಗೆ ನೀರು ಇಳಿದಿದೆಯೇ ಎಂದು ನೋಡಬೇಕು. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಕೆಲವು ದಿನ, ಬೆಳಿಗ್ಗೆ ಹನ್ನೊಂದರ ಆಸುಪಾಸು ಸೂರ್ಯ ಈ ಉಪಗ್ರಹದ ಬೆನ್ನಿಗೇ ಬರುತ್ತಾನೆ. ಆಗಲೂ ಕೆಲವು ನಿಮಿಷ ಚಿತ್ರ ಕೆಡುತ್ತದೆ. ಗುಡುಗು ಸಿಡಿಲಿನಲ್ಲಿ ಕರೆಂಟಿನ ಪ್ಲಗ್ಗಿನ ಜೊತೆಗೆ ಡಿಶ್ ವೈರನ್ನೂ ಬಿಚ್ಚಿಡಬೇಕು.

ಹಣ ಕಟ್ಟುವ ಕೇಬಲ್ ಅಥವಾ ಡಿಶ್ ಸಂಪರ್ಕದಲ್ಲಿ ಒಂದು ಚಾನೆಲ್ ಮಾತ್ರ ಬಾರದಿದ್ದರೆ ಅದು ಬಹುಪಾಲು ಯಂತ್ರದ ದೋಷವಲ್ಲ. 2019ರ ಫೆಬ್ರವರಿಯಿಂದ ಜಾರಿಗೆ ಬಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದ ಪ್ರಕಾರ ಗ್ರಾಹಕರು ತಮಗೆ ಬೇಕಾದ ಚಾನೆಲ್‌ಗಳನ್ನು ಬಿಡಿಬಿಡಿಯಾಗಿಯೂ ಆರಿಸಿಕೊಳ್ಳಬಹುದು. ಹಾಕಿಸಿಕೊಂಡ ಪ್ಯಾಕ್‌ನಲ್ಲಿ ಕನ್ನಡ ಚಾನೆಲ್ ಇಲ್ಲದಿದ್ದರೆ ಕೇಬಲ್‌ನವರನ್ನೋ ಡಿಶ್ ಕಂಪನಿಯವರನ್ನೋ ಕೇಳಿ ಹಾಕಿಸಿಕೊಳ್ಳಬೇಕು.

ಧ್ವನಿಯ ವಿಷಯದಲ್ಲಿ ಗಡಿಸೀಮೆಗೆ ಹೆಚ್ಚು ಹೊಂದುವ ತೊಂದರೆ ಭಾಷೆಯದು. ಕಾರ್ಟೂನ್, ವನ್ಯಜೀವಿ ಚಾನೆಲ್‌ಗಳಲ್ಲಿ ಕೆಲವು ಒಂದೇ ಚಿತ್ರಕ್ಕೆ ಹಲವು ಭಾಷೆಯ ಧ್ವನಿ ಕಳಿಸುತ್ತವೆ. ರಿಮೋಟಿನ ಭಾಷೆಯ ಗುಂಡಿ ಒತ್ತಿ, ಕನ್ನಡ ಅದರಲ್ಲಿದ್ದರೆ ಆರಿಸಬೇಕು. ಪೆನ್‌ಡ್ರೈವ್‌ನ ಸಿನಿಮಾದಲ್ಲಿ ಚಿತ್ರವಿದ್ದು ಧ್ವನಿ ಇಲ್ಲದಿದ್ದರೆ ಆ ಧ್ವನಿಯ ನಮೂನೆ ಟಿವಿಗೆ ತಿಳಿಯದು ಎಂದರ್ಥ. ಸ್ಪೀಕರ್ ಬದಲಿಸಿ ಪ್ರಯೋಜನವಿಲ್ಲ. ತುಟಿಗೂ ಮಾತಿಗೂ ಹೊಂದದಿದ್ದರೆ ಬಾಕ್ಸ್ ಒಮ್ಮೆ ಆಫ್ ಮಾಡಿ ಮತ್ತೆ ಹಾಕಿ, ಆಮೇಲೆ ಟಿವಿಯ ಧ್ವನಿ ವಿಳಂಬದ ಸೆಟ್ಟಿಂಗ್ ನೋಡಬೇಕು.

ಸಬ್‌ಟೈಟಲ್‌ಗೆ ಬಂದರೆ, ಕೆಳಗಿನ ಸಾಲು ಕತ್ತರಿಸಿ ಹೋಗುವುದಕ್ಕೆ ಕಾರಣ ಸಾಮಾನ್ಯವಾಗಿ ಚಿತ್ರದ ಜೂಮ್. ಅಳತೆಯನ್ನು 16:9ಕ್ಕೆ ಇಟ್ಟರೆ ಸಾಲು ಪೂರ್ತಿ ಕಾಣುತ್ತದೆ. ಒತ್ತಕ್ಷರ ಕೆಳಗೆ ಕೂರದೆ ಬಿಡಿಯಾಗಿ ನಿಂತರೆ, ಅಕ್ಷರದ ಜಾಗದಲ್ಲಿ ಖಾಲಿ ಚೌಕ ಬಂದರೆ, ಟಿವಿಯ ಸಾಫ್ಟ್‌ವೇರ್‌ಗೆ ಕನ್ನಡ ಸರಿಯಾಗಿ ಕೂಡಿಸಲು ಬರುತ್ತಿಲ್ಲ; ಅಪ್‌ಡೇಟ್ ಮಾಡಿದರೆ ಸರಿಹೋಗಬಹುದು. ಕಡತವೇ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿದ್ದರೆ ಅದನ್ನು ಯೂನಿಕೋಡ್‌ಗೆ ಬದಲಿಸದೆ ಓದಲಾಗದು.

ಕಿವಿ ಕೇಳದವರಿರುವ ಮನೆಗೆ ಸಬ್‌ಟೈಟಲ್ ಎಲ್ಲಕ್ಕಿಂತ ದೊಡ್ಡ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಅನುಸರಿಸಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2019ರ ಸೆಪ್ಟೆಂಬರ್‌ನಲ್ಲಿ ಟಿವಿ ಕಾರ್ಯಕ್ರಮಗಳಿಗೆ ಸಬ್‌ಟೈಟಲ್ ಮತ್ತು ಸಂಜ್ಞಾ ಭಾಷೆಯ ಮಾನದಂಡ ಹೊರಡಿಸಿತು. ಚಾನೆಲ್ ಕಳಿಸದ ಸಬ್‌ಟೈಟಲನ್ನು ಯಾವ ರಿಮೋಟೂ ತರಲಾರದು. ಅಂಥ ಕೊರತೆಯ ದೂರನ್ನು ರಿಪೇರಿ ಅಂಗಡಿಗಲ್ಲ, ಚಾನೆಲ್‌ಗೇ ಬರೆದು ಕಳಿಸಬೇಕು.